ಯಲ್ಲಕ್ಕ ಬೆಳಗಿದ ಕಾವಲಿ

ಸೊಸೆ ಸಿರಿಯ ನಾನ್‌ಸ್ಟಿಕ್ ಕಾವಲಿಯನ್ನು ಯಲ್ಲಕ್ಕ ಅಂದು ಮೊದಲ ಸಲ ಕೈಯಲ್ಲಿ ಹಿಡಿದಳು. ತವರಿಂದ ತಂದ ಅದನ್ನು ಸಿರಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ತಾನೇ ತೊಳೆದು ತಾನೇ ಎತ್ತಿಡುತ್ತಿದ್ದಳು. ಮೊನ್ನೆ ಅದೇ ವಿಷಯಕ್ಕೆ ಜಗಳವಾಗಿ, ಅತ್ತೆ ಸೊಸೆಯರ ನಡುವೆ ಮಾತು ನಿಂತಿತ್ತು. ಇವತ್ತು ಸಿರಿ ನರಸಿಂಹರಾಜಪುರಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಕಾವಲಿ ಬೆಳಗಿಟ್ಟರೆ, ತನ್ನ ಬಾಯಲ್ಲಿ ಬರದ ಮಾತನ್ನು ಅದೇ ಆಡೀತು ಎಂದುಕೊಂಡಳು ಯಲ್ಲಕ್ಕ.

ಕಾವಲಿಯ ನಡುವೆ ಅಂಗೈಯಗಲ ಬೆಳ್ಳಗಿತ್ತು, ಸುತ್ತ ಕಪ್ಪು. ಕಟ್ಟಿಗೆ ಒಲೆಯ ಮುಂದೆ ಆಯುಸ್ಸು ಕಳೆದವಳಿಗೆ ಕಪ್ಪೆಂದರೆ ಮಸಿ. ಬೂದಿ, ತೆಂಗಿನ ನಾರು ಹಿಡಿದು ಕೈ ಸೋಲುವ ತನಕ ಉಜ್ಜಿದಳು.

ತೋಟದ ಕೆಲಸದಿಂದ ಊಟಕ್ಕೆ ಬಂದ ಗಂಡ ಧರ್ಮಪ್ಪ ಬಾಗಿಲಲ್ಲೇ ನಿಂತ.

"ಎಂತ ಮಾಡ್ದೆ ಮಾರಾಯ್ತಿ! ಅದು ಮಸಿ ಅಲ್ಲ. ದೋಸೆ ಹಿಡೀಬಾರ್ದು ಅಂತ ಬಳಿದಿರೋದು."

"ಮತ್ತೆ ನಡುವೆ ಬೆಳ್ಳಗಿತ್ತಲ್ಲ?"

"ಅಲ್ಲಿ ಸವೆದಿತ್ತು. ಉಳಿದಿದ್ದನ್ನ ನೀನು ಸವೆಸ್ದೆ."

ಯಲ್ಲಕ್ಕ ನಾರನ್ನು ಕೆಳಗೆ ಹಾಕಿದಳು. "ಸಿಟ್ಟಿಗೆ ಬೇಕಂತ್ಲೇ ಮಾಡ್ದೆ ಅಂತಾಳೆ ಈಗ. ನಾನು ಹೇಳಿದ್ರೆ ನಂಬ್ತಾಳಾ?"

ಧರ್ಮಪ್ಪ ಕಾವಲಿಯನ್ನು ಕೈಗೆತ್ತಿಕೊಂಡ. "ಹೊಸ ಕಬ್ಬಿಣದ ಕಾವ್ಲಿ ಪಳಗ್ಸಲ್ವಾ? ಹಂಗೇ ಇದ್ನೂ ಪಳಗ್ಸಿ ನೋಡಣ" ಎಂದ.

ಕಪ್ಪಿನ ಚೂರು ದೋಸೆಗೆ ಬರಬಾರದೆಂದು ಉಳಿದದ್ದನ್ನೂ ಉಜ್ಜಿ ತೆಗೆದರು. ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿದರು, ಈರುಳ್ಳಿ ಹೋಳಿನಿಂದ ತಿಕ್ಕಿದರು, ಆರಿದ ಮೇಲೆ ಮತ್ತೆ ಎಣ್ಣೆ. ಮೊದಲ ದೋಸೆ ಏಳಲೇ ಇಲ್ಲ. ಮುಂದಿನದು ಉಪ್ಪಿಟ್ಟಿನ ಹಾಗೆ ಬಂತು.

"ತಿನ್ನೋಕೆ ಅಡ್ಡಿಲ್ಲ, ಹೆಸರು ಮಾತ್ರ ಕೇಳ್ಬಾರ್ದು" ಎಂದು ಧರ್ಮಪ್ಪ ಅದನ್ನೇ ತಿಂದ.

ಮತ್ತೊಂದನ್ನು ಕೆರೆಯುತ್ತಿದ್ದಾಗ ಸಿರಿ ಜೀಪಿನಿಂದಿಳಿದು ಒಳಗೆ ಬಂದಳು. ಅವಳ ಕಣ್ಣು ಕಾವಲಿಯ ಮೇಲೆ ನಿಂತಿತು.

"ಮಸಿ ಅಂದ್ಕೊಂಡೆ ಕಣೆ" ಎಂದಳು ಯಲ್ಲಕ್ಕ. "ಬೆಳಗಿ ಇಡಣ ಅಂತ ಉಜ್ಜಿದೆ. ಸಿಟ್ಟಿಗಲ್ಲ."

ಸಿರಿ ಚೀಲ ಕೆಳಗಿಟ್ಟು ಒಲೆಯ ಹತ್ತಿರ ಬಂದಳು.

"ಅತ್ತೆ, ನಡುವೆ ಸವೆಸಿದ್ದು ನಾನು" ಎಂದಳು ಸಿರಿ ಮೆಲ್ಲಗೆ. "ಸ್ಟೀಲ್ ಸಟ್ಟುಗದಲ್ಲಿ ಕೆರೆದಿದ್ದೆ. ಇದಕ್ಕೆ ಎಣ್ಣೆನೇ ಬೇಡ ಅಂತ ಜಂಬ ಕೊಚ್ಕೊಂಡಿದ್ನಲ್ಲ? ನೀವು ನೋಡಿದ್ರೆ ಆಡ್ಕೊಳ್ತೀರಿ ಅಂತ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಅಯ್ಯೋ ನಿನ್ನ! ಮೊದ್ಲೇ ಹೇಳಿದ್ರೆ ಇಬ್ರೂ ಸೇರಿ ಕೆರೀಬಹುದಿತ್ತಲ್ಲೇ!"

ಸಿರಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಹಿಟ್ಟು ಹೊಯ್ದಳು.

"ಉರಿ ಜಾಸ್ತಿ ಆಯ್ತು ಅತ್ತೆ."

"ಉರಿ ಸರಿ ಇದೆ. ನಿನ್ನ ಹಿಟ್ಟು ತೆಳು."

ದೋಸೆ ಒಂದು ಬದಿ ಎದ್ದಿತು, ಇನ್ನೊಂದು ಬದಿ ಹಟ ಹಿಡಿಯಿತು. ಇಬ್ಬರೂ ಅದರ ಮೇಲೆ ಬಾಗಿ, ನಿನ್ನದು ತಪ್ಪು, ನಿಮ್ಮದು ತಪ್ಪು ಎಂದು ಬಾಯಿ ಮಾಡತೊಡಗಿದರು. ಧರ್ಮಪ್ಪ ಸದ್ದಿಲ್ಲದೆ ತಟ್ಟೆ ಮುಂದೆ ನೂಕಿದ.