ಹ್ಯಾನಾಳ ತೋಟ

ಪರದೆಯ ಮೇಲೆ ಅಗೆದ ಮಣ್ಣು, ಅದರಲ್ಲೊಂದು ಕರಿ ಕಲೆ, ಅಂಗೈಯಷ್ಟು, ನಬಿಸಾಬರು ಅದನ್ನು ಕೆಂಪು ಬೆಳಕಿನ ಚುಕ್ಕಿಯಿಂದ ಸುತ್ತುತ್ತಿದ್ದಾರೆ, ಎಷ್ಟು ಮೆತ್ತಗೆ, ಮುಟ್ಟಿದರೆ ನೊಂದೀತು ಅನ್ನುವ ಹಾಗೆ — ಇದು ಬೇಲಿಗೂಟ ನೆಟ್ಟಿದ್ದ ಕುಣಿ, ಕಟ್ಟಿಗಿ ಕೊಳೆತು ಇನ್ನೂರೈವತ್ತು ವರ್ಷ ಆತು, ಮಣ್ಣು ಮಾತ್ರ ಇನ್ನೂ ನೆನಪಿಟ್ಟೈತಿ — ಮಣ್ಣು ನೆನಪಿಟ್ಟಿದೆಯಂತೆ, ಎರಡನೇ ಸಾಲಿನಲ್ಲಿ ಕೂತ ಅಬೇದಾ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಹೆಂಡತಿಗೆ ಬದನೆಕಾಯಿ ಸೇರುವುದಿಲ್ಲ ಅನ್ನುವುದು ಮೂವತ್ತೈದು ವರ್ಷದಲ್ಲಿ ನೆನಪುಳಿಯದ ಗಂಡ ಆ ಹ್ಯಾನಾಳ ಬೇಲಿಗೆ ಗೂಟ ಎಷ್ಟಿದ್ದವು ಎಂದು ಬಾಯಿಪಾಠ ಹೇಳುತ್ತಾರೆ, ಕಾಲೇಜಿನ ಹುಡುಗಿಯರು ಬರೆದುಕೊಳ್ಳುತ್ತಾರೆ. ಹ್ಯಾನಾ, ಅಮೆರಿಕದ ವರ್ಜೀನಿಯಾ ಸೀಮೆಯ ಒಬ್ಬ ವಿಧವೆ, ಸತ್ತು ಎರಡು ಶತಮಾನ ದಾಟಿದವಳು, ಆದರೂ ಇವರು ನೌಕರಿಯಿಂದ ನಿವೃತ್ತರಾಗಿ ಆ ಕಾಲದ ಅಮೆರಿಕದ ತೋಟಗಳ ಮೇಲೆ ಪುಸ್ತಕ ಬರೆಯಲು ಹಿಡಿದಂದಿನಿಂದ ನವನಗರದ ಮನೆಯಲ್ಲಿ ದಿನಾ ಬೆಳಗಿನ ಚಹಾಕ್ಕೆ ಮೊದಲು ಬಂದು ಕೂಡುವವಳು ಅವಳೇ, ತೋಟದ ಬಗ್ಗೆ ಅವಳು ಬರೆದಿಟ್ಟ ಪತ್ರ ಓದುತ್ತ ಇವರು ಒಬ್ಬರೇ ನಗುತ್ತಾರೆ, ಚಹಾದ ಮೇಲೆ ಕೆನೆ ಕಟ್ಟುತ್ತದೆ, ಅಬೇದಾ, ಇಲ್ಲಿ ಕೇಳು, ಹ್ಯಾನಾ ಬಟಾಣಿ ಮಗ್ಗಲಕ್ಕ ಗುಲಾಬಿ ಹಚ್ಯಾಳ, ಭಾಳ ಶಾಣ್ಯಾ ಹೆಣ್ಮಗಳು — ಹಚ್ಯಾಳ, ನಿನ್ನೆ ಸಂಜೆ ಹಚ್ಚಿದವಳಂತೆ. ಅವಳ ಚಿತ್ರ ಎಲ್ಲೂ ಉಳಿದಿಲ್ಲ ಎಂದು ತಿಳಿದ ದಿನ ಅಬೇದಾಳ ಹೊಟ್ಟೆ ತಣ್ಣಗಾಗಿತ್ತು, ಆದರೆ ಇವರು ಬಿಡಬೇಕಲ್ಲ, ಅಕ್ಷರ ನೋಡಿದ್ರ ಬೆರಳು ನಾಜೂಕ ಇದ್ದಿರಬೇಕು ಅಂದರು, ಕಳೆ ಕಿತ್ತು ಕಿತ್ತು ಸೀಳಿದ ತನ್ನ ಬೆರಳುಗಳನ್ನು ಅಬೇದಾ ಸೆರಗಿನಡಿ ಎಳೆದುಕೊಂಡಳು, ಹೊಟ್ಟೆಕಿಚ್ಚೇ, ಸತ್ತವಳ ಮೇಲೆ, ಈ ವಯಸ್ಸಿನಲ್ಲಿ, ಹೌದು, ಹೊಟ್ಟೆಕಿಚ್ಚೇ, ಸವತಿಯಾದರೂ ಬದುಕಿದ್ದರೆ ಎದುರು ನಿಂತು ಜಗಳಾಡಬಹುದಿತ್ತು.

ಪರದೆಯ ಮೇಲಿನ ಚಿತ್ರ ಬದಲಾಯಿತು, ಈಗ ಹ್ಯಾನಾಳ ತೋಟದ ನಕಾಶೆ, ನಾಲ್ಕು ಮಡಿ, ನಡುವೆ ಕೂಡುವ ಕಾಲುದಾರಿ, ಅಡುಗೆಮನೆಗೆ ಹತ್ತಿಕೊಂಡೇ ಕಾಯಿಪಲ್ಲೆ, ಹೂವು, ಔಷಧಿ ಗಿಡ ಎಲ್ಲ ಒಟ್ಟಿಗೆ, ಸಿರಿವಂತರ ಅಗಲವಾದ ಹುಲ್ಲುಹಾಸು, ಬಳಸುದಾರಿ ಎಲ್ಲ ಆಮ್ಯಾಲಿನವು ಅನ್ನುತ್ತಿದ್ದಾರೆ — ಇದರಲ್ಲೇನು ಹೊಸದು, ಹಳೆ ಬಾಗಲಕೋಟೆಯ ತನ್ನ ಹಿತ್ತಲೂ ಹೀಗೇ ಇತ್ತಲ್ಲ, ಬಚ್ಚಲ ನೀರು ಹರಿವಲ್ಲಿ ಪುದೀನಾ, ಗೋಡೆಗುಂಟ ಮದರಂಗಿ, ಅಂಜೂರದ ನೆರಳಿಗೆ ಮೆಂತ್ಯ, ಆಲಮಟ್ಟಿ ಹಿನ್ನೀರು ಬಂದು ಅಷ್ಟನ್ನೂ ಒಳಗೆ ತಗೊಂಡಿತು, ಮನೆ ಬಿಡುವ ದಿನ ಇವರು ಪುಸ್ತಕದ ಗಂಟು ಹೊತ್ತರು, ಅವಳು ಒಂದು ಮಲ್ಲಿಗೆ ಕಂಟಿ, ಅದೂ ನವನಗರದ ಗರಸು ಮಣ್ಣಿನಲ್ಲಿ ಬೇರೂರಲಿಲ್ಲ. ಹ್ಯಾನಾಳ ತೋಟ ಹುಡುಕಲು ಸಮುದ್ರದಾಚೆ ಬ್ರಶ್ಶಿನಿಂದ ಮಣ್ಣು ಸರಿಸುವವರಿದ್ದಾರೆ, ತನ್ನ ತೋಟದ ಮೇಲೆ ಬಲೆ ಬೀಸಿ ಮೀನು ಹಿಡಿಯುತ್ತಾರೆ. ಮುಂದಿನ ಸಾಲಿನಿಂದ ಪ್ರೀತಿ ಎಂಬ ವಿದ್ಯಾರ್ಥಿನಿ ಎದ್ದಳು, ಸರ್, ನಮ್ಮ ಕಡೆ ಇಂಥಾ ಮನಿತೋಟ ಇದ್ದಿಲ್ಲೇನ್ರಿ, ಇವರು ಕನ್ನಡಕ ಒರೆಸಿಕೊಂಡರು, ನಮ್ಮಲ್ಲಿ ಅಂಥಾದ್ದೇನೂ ಇದ್ದಿಲ್ಲವ್ವಾ, ಇದ್ರೂ ಯಾರೂ ಬರದಿಟ್ಟಿಲ್ಲ. ಇದ್ದಿಲ್ಲ. ಇತ್ತ್ರಿ, ಅಂದರು ಯಾರೋ, ಇಡೀ ಸಭೆ ತನ್ನತ್ತ ತಿರುಗಿದಾಗಲೇ ಅಬೇದಾಗೆ ತಿಳಿದದ್ದು ಆ ದನಿ ತನ್ನದು, ಎದ್ದು ನಿಂತವಳೂ ತಾನೇ, ನಮ್ಮ ಹಿತ್ತಲದಾಗ ಇತ್ತು, ಹದಿನೈದು ವರ್ಷ ನೀವ ಉಂಡೀರಿ ಅದರಾಗಿಂದ, ಹ್ಯಾನಾ ಬಂದು ನೀರ ಹಾಕಿದ್ದಿಲ್ಲ.

ಹುಡುಗಿಯರು ನಕ್ಕರು, ನಬಿಸಾಬರು ನಗಲಿಲ್ಲ, ಅವಳನ್ನೇ ನೋಡಿದರು, ಹ್ಯಾನಾಳ ಪತ್ರ ಓದುವಾಗ ನೋಡುವ ಹಾಗೆ, ಆಮೇಲೆ ವೇದಿಕೆ ಇಳಿದು ಬಂದು ಬೋರ್ಡಿನ ಪೆನ್ನು ಅವಳ ಕೈಗಿಟ್ಟರು, ತಪ್ಪಾತು, ನೀ ನಕಾಶೆ ತೆಗಿ, ನಾ ಬರಕೋತೇನಿ, ನೋಟ್‌ಬುಕ್ಕಿನಲ್ಲಿ ಹ್ಯಾನಾಳ ಹಾಳೆಗಳನ್ನು ದಾಟಿ ಹೊಸ ಹಾಳೆ ತೆರೆದರು, ದಾಟಿದರು, ಅವಳು ಕಣ್ಣಾರೆ ಕಂಡಳು, ಬೋರ್ಡಿನ ಮುಂದೆ ಹೋಗಿ ನಿಂತಳು, ಕೈ ತಾನೇ ಓಡಿತು, ಇದು ಬಾಗಿಲು, ಇದು ಬಚ್ಚಲು, ಇಲ್ಲಿ ಪುದೀನಾ, ಇಲ್ಲಿ ಕರಿಬೇವು, ತಾನು ಹೇಳಿದ್ದೆಲ್ಲ ಇವರು ಬರೆಯುತ್ತಿದ್ದಾರೆ, ನೋಡ ಹ್ಯಾನಾ, ಬರೀತಾರ, ನಡುವೆ ಬಾವಿ, ದುಂಡಗೆ, ಅದರ ತೆಂಕಣಕ್ಕೆ ನಿಂಬಿ, ಬಡಗಣಕ್ಕೊಂದು ಮಡಿ, ನಾಲ್ಕು ಗೆರೆ ಎಳೆದಳು, ಪೆನ್ನು ನಿಂತಿತು. ಇಲ್ಲೇನ ಹಚ್ಚಿದ್ದಿ ಅಬೇದಾ, ಕೇಳಿದರು ಇವರು, ಅವಳು ಬಾಯಿ ತೆರೆದಳು, ಹರಿವೆ, ಅಲ್ಲ, ಅದು ಬಾಗಿಲ ಕಡೆ, ದುಂಡುಮಲ್ಲಿಗೆ, ಅಲ್ಲ, ದಿನಾ ಎರಡು ಕೊಡ ನೀರು ಹಾಕಿದ ಮಡಿ, ಹಗ್ಗ ನೆನಪಿದೆ, ಬಾಗಿದ ಕೊಡ ನೆನಪಿದೆ, ನೀರು ಬೀಳುತ್ತದೆ, ಯಾವ ಎಲೆಯ ಮೇಲೆ, ಯಾವ ಹಸಿರು, ನೀರೇ ಕಾಣುತ್ತದೆ, ಅವಸರ ಇಲ್ಲ, ಸಾವಕಾಶ ಹೇಳು, ಅಂದರು, ಪೆನ್ಸಿಲ್ಲು ಹಾಳೆಯ ಮೇಲೆ ಕಾದಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ ಇವರು ಕಾಯುತ್ತಿದ್ದಾರೆ, ಹ್ಯಾನಾ ಆದರೆ ಬರೆದಿಟ್ಟಿದ್ದಳು, ಮಂಜು ಬಿದ್ದ ದಿನ ಸಹ ಬರೆದಿಟ್ಟಿದ್ದಳು, ಅವಳದು ಒಂದೂ ಮಡಿ ಖಾಲಿ ಇಲ್ಲ, ಇಲ್ಲಿ ನಾಲ್ಕು ಗೆರೆ, ಒಳಗೆ ಬಿಳಿ, ಬಾವಿಯ ಬಡಗಣಕ್ಕೆ, ಬಿಳಿ, ನಾಲ್ಕು ಗೆರೆಯೊಳಗೆ ಬಿಳಿ