ಪಟ್ಟಿಯಲ್ಲಿ ಉಳಿದ ಒಂದೇ ವಿಳಾಸ

ಐಲಿ ಕಂಗಾಸ್‌ಗೆ ಆ ಮಧ್ಯಾಹ್ನ ಬೇಕಾಗಿದ್ದದ್ದು ಕಣ್ಣುಗಳು, ಎಷ್ಟು ಸಿಕ್ಕರೂ ಸಾಲದು. ಅವಳ ತಮ್ಮ ರೈನೊ ಅಮೆರಿಕದ ಸುಪೀರಿಯರ್ ಸರೋವರದ ಮಂಜುಗಡ್ಡೆಯ ಮೇಲೆ ಮೀನಿಗೆ ಗಾಳ ಹಾಕಿ ಕೂತಿದ್ದಾಗ, ಗಡ್ಡೆಯೇ ದಡ ಬಿಟ್ಟು ಗಾಳಿಯ ಜೊತೆ ಹೊರಟುಹೋಗಿತ್ತು. ಅವನ ಫೋನು ಸತ್ತಿತ್ತು. ಒಂದೂ ಇಪ್ಪತ್ತಕ್ಕೆ ಡ್ರೋನು ಹಾರಿ ಎರಡು ಸಾವಿರ ಫೋಟೊ ತಂದಿತ್ತು. ಅಷ್ಟನ್ನೂ ಒಂದೊಂದಾಗಿ ನೋಡಿ, ಆ ಬಿಳಿಯ ನಡುವೆ ಮನುಷ್ಯನಂಥದ್ದು ಕಂಡರೆ ಗುರುತು ಹಾಕಬೇಕು. ಐದಕ್ಕೆಲ್ಲ ಕತ್ತಲು. ಕತ್ತಲಾದರೆ ಹೆಲಿಕಾಪ್ಟರ್ ಏಳುವುದಿಲ್ಲ.

ಐಲಿಯ ಹುಡುಕಾಟದ ತಂಡದಲ್ಲಿ ನೋಡಲು ಪಳಗಿದ ನಲವತ್ತು ಜನ ಇದ್ದರು. ಅರ್ಧ ಜನ ಚರ್ಚಿನ ನೆಲಮಾಳಿಗೆಯಲ್ಲಿ, ಇನ್ನರ್ಧ ಊರಿನ ಗ್ರಂಥಾಲಯದಲ್ಲಿ. ಕಾಣೆಯಾದವರ ಚಿತ್ರ ಕಂಡಕಂಡವರ ಕೈಗೆ ಸಿಗಬಾರದು ನೋಡಿ. ಅದಕ್ಕೇ ಆ ಎರಡು ಕಟ್ಟಡಗಳ ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಬಾಗಿಲು ತೆರೆಯುವಂತೆ ಐಲಿಯೇ ಫೋಟೊಗಳಿದ್ದ ಕ್ಲೌಡ್‌ನಲ್ಲಿ ಏರ್ಪಾಡು ಮಾಡಿದ್ದಳು. ಕೋಡ್ ಬರೆದು ಆಜ್ಞೆ ಕಳಿಸಿದರೆ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಕೀಲಿಕೈ ಅವಳೊಬ್ಬಳದೇ.

ಎರಡು ಗಂಟೆಗೆ ಅಗ್ನಿಶಾಮಕ ಠಾಣೆಯವರು ತಾವೂ ಆರು ಜನ ಕೂರುತ್ತೇವೆಂದರು. ಆರು ಜನವೆಂದರೆ ಹನ್ನೆರಡು ಕಣ್ಣು. ಐಲಿ ಠಾಣೆಯ ವಿಳಾಸ ಹೊಡೆದು ಆಜ್ಞೆ ಕಳಿಸಿದಳು. ಕ್ಲೌಡ್ ತಕರಾರಿಲ್ಲದೆ ಒಪ್ಪಿಕೊಂಡಿತು.

ಆಮೇಲೆ ನೋಡಿದ ಚಿತ್ರಗಳ ಎಣಿಕೆ ಕುಂಟತೊಡಗಿತು. ಚರ್ಚಿಗೂ ಗ್ರಂಥಾಲಯಕ್ಕೂ ಮಾಂಸ ತುಂಬಿದ ಬಿಸಿ ಪಾಸ್ಟಿ ಕಡುಬು ಹೋಗಿದೆ, ತಿನ್ನುತ್ತಿದ್ದಾರೆ ಎಂದುಕೊಂಡಳು. ಅವಳ ತಮ್ಮ ಅಲ್ಲಿ ಮರಗಟ್ಟುತ್ತಿರುವಾಗ ತಿನ್ನುತ್ತಿದ್ದಾರೆಂದು ಒಳಗೊಳಗೇ ಶಪಿಸಿದಳು ಕೂಡ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಚರ್ಚಿನಿಂದ ಡೆಲ್ಮರ್. ಮೂವತ್ತು ವರ್ಷ ಕಾಡ್ಗಿಚ್ಚು ಕಾಯುವ ಗೋಪುರದಲ್ಲಿ ಕೂತು ಬಂದ ಮುದುಕ. ಕಣ್ಣು ಹದ್ದಿನದು, ಆದರೆ ವಾರಕ್ಕೆರಡು ಸಲ ಪಾಸ್‌ವರ್ಡ್ ಮರೆತು ಐಲಿಯ ಜೀವ ತಿನ್ನುವವನು. ಇವತ್ತೂ ಮರೆತನಲ್ಲ ಎಂದು ಕರೆ ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಕೊನೆಗೆ ಫೋನಿನ ಬಾಯಿ ಮುಚ್ಚಿ ಬೋರಲು ಹಾಕಿದಳು.

ಎರಡೂ ಐವತ್ತಕ್ಕೆ ಎಣಿಕೆ ಇನ್ನೂ ಎದ್ದಿರಲಿಲ್ಲ. ಬಾಗಿಲು ತೆರೆಯುವ ವಿಳಾಸಗಳ ಪಟ್ಟಿ ತೆರೆದು ನೋಡಿದಳು. ಅಲ್ಲಿದ್ದದ್ದು ಒಂದೇ ವಿಳಾಸ, ಠಾಣೆಯದು.

ಹೊಸ ಪಟ್ಟಿ ಹಳೆಯದಕ್ಕೆ ಸೇರಿಕೊಳ್ಳುವುದಿಲ್ಲ. ಹಳೆಯದನ್ನು ಅಳಿಸಿ ತಾನು ಕೂರುತ್ತದೆ. ಮೊದಲು ಇದ್ದದ್ದನ್ನು ಕೇಳಿ ತಿಳಿದು, ಅದರ ಕೆಳಗೆ ಹೊಸದನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಕಳಿಸಬೇಕು. ಇದನ್ನು ಎಷ್ಟೋ ಜನರಿಗೆ ಹೇಳಿಕೊಟ್ಟವಳು ಅವಳೇ. ಕೆಟ್ಟ ಮೇಲೆ ಬುದ್ಧಿ ಬಂತು. ನಲವತ್ತು ಜನರನ್ನು ಹೊರಗೆ ನೂಕಿ ಅಗುಳಿ ಹಾಕಿ, ಅವರ ಮೇಲೇ ಹಲ್ಲು ಕಡಿಯುತ್ತ ಕೂತಿದ್ದಳು. ಮೂರೂ ವಿಳಾಸ ಒಟ್ಟಿಗೆ ಕಳಿಸಿದಳು. ಬದಲಾವಣೆ ನಡೆಯುತ್ತಿದೆ ಎಂದಿತು ಪರದೆ. ಎರಡು ನಿಮಿಷವಾದರೂ ಅದನ್ನೇ ಅಂದಿತು. ಫೋನು ಮಗುಚಿದಳು. ಡೆಲ್ಮರ್ ಹನ್ನೆರಡನೇ ಸಲ ಕರೆಯುತ್ತಿದ್ದ.

"ಗೊತ್ತು ಡೆಲ್ಮರ್, ತಪ್ಪು ನಂದೇ. ಬಾಗ್ಲು ತೆಗೀತಿದೀನಿ, ಒಂಚೂರು ಸುಮ್ನಿರಿ."

"ನಿನ್ನ ಬಾಗ್ಲು ಯಾರಿಗ್ ಬೇಕೇ ತಾಯಿ? ಫೋಟೊ ನಂಬರ್ ಬರ್ಕೊ. ಸಾವಿರದ ನೂರಾ ಆರು. ಕೆಂಪು ಟೋಪಿ. ನಡೀತಿದಾನೆ."

ಗೋಪುರದ ಅಭ್ಯಾಸ ಅದು: ಹೊಗೆ ಕಂಡರೆ ಬಾಯಿ ತೆರೆಯುವ ಮೊದಲು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಗುರುತು ಹಾಕಿ ಕಳಿಸುವಷ್ಟರಲ್ಲಿ ಯಂತ್ರ ತನ್ನನ್ನು ಆಚೆ ತಳ್ಳಿತೆಂದ. ಬೇರೆ ಯಾರಿಗೆ ಹೇಳಲಿ, ಯಾವ ನಂಬರ್ ಎಲ್ಲಿಯದೆಂದು ಬಲ್ಲವಳು ನೀನೊಬ್ಬಳೇ ತಾನೆ ಎಂದ.

"ಎಷ್ಟೊತ್ತಿಗೆ ನೋಡಿದ್ರಿ?"

"ಎರಡೂ ಐದಕ್ಕೆ," ಎಂದ ಡೆಲ್ಮರ್. ಆಮೇಲೆ ಸಣ್ಣ ದನಿಯಲ್ಲಿ, "ಆಗಿನಿಂದ ಕರೀತಾನೇ ಇದೀನಿ ಕಣಮ್ಮ."

ಗಡ್ಡೆ ಎತ್ತ ತೇಲಿರಬಹುದೆಂದು ಲೆಕ್ಕ ಹಾಕಿ ಹೆಲಿಕಾಪ್ಟರ್ ಹೋಯಿತು. ನಾಲ್ಕಕ್ಕೆ ರೈನೊನನ್ನು ಎತ್ತಿದರು. ಜೀವವಿತ್ತು. ಆಸ್ಪತ್ರೆಯಲ್ಲಿ ವೈದ್ಯೆ ಐಲಿಯನ್ನು ಪಕ್ಕಕ್ಕೆ ಕರೆದು, ಎಡಗಾಲಿನ ಬೆರಳುಗಳು ಉಳಿಯಲಾರವು, ಮುಕ್ಕಾಲು ಗಂಟೆ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ರೈನೊ ಒಡೆದ ತುಟಿಯಲ್ಲೇ ನಕ್ಕ. "ಡ್ರೋನು ತಲೆ ಮೇಲೆ ಹೋಯ್ತು ನೋಡು, ಅಲ್ಲೀತನಕ ನಡೀತಾನೇ ಇದ್ದೆ, ಕಾಲು ಬೆಚ್ಚಗಿತ್ತು. ಆಮೇಲೆ ಕೂತ್ಬಿಟ್ಟೆ. ಫೋಟೊ ತೆಗ್ದ ಜಾಗ ಬಿಟ್ಟು ಅಲ್ಲಾಡ್ಬಾರ್ದು ಅಂತ ನೀನೇ ಹೇಳಿದ್ಯಲ್ಲ. ಅಕ್ಕ ನೋಡಿರ್ತಾಳೆ, ಈಗ ಬರ್ತಾರೆ, ಈಗ ಬರ್ತಾರೆ ಅಂತ ಕೂತೇ ಇದ್ದೆ."

ಐಲಿ ಅವನ ಕಾಲಿನ ಕಡೆ ನೋಡಲಿಲ್ಲ.

"ನಾನು ನೋಡಿರ್ಲಿಲ್ಲ ರೈನೊ," ಎಂದಳು. "ನೋಡಿದವ್ರನ್ನ ಆಚೆ ಹಾಕಿದ್ದೆ."