ಹೊರಗಿನ ಬೀಗ

ಮಂತ್ರಿಗಳ ಹಣೆಗೆ ಪೌಡರ್ ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಚಾನೆಲ್ಲಿನ ನಿರೂಪಕ. ಅವನ ಕೂಗಾಟಕ್ಕೆ ಮೇಕಪ್ ಕೋಣೆಯವರು ಇಟ್ಟ ಹೆಸರು ಗುಡುಗಪ್ಪ. ಇನ್ನು ಸ್ವಲ್ಪ ಹೊತ್ತಿಗೆ ಇಬ್ಬರೂ ನೇರಪ್ರಸಾರದಲ್ಲಿ ಕೂತು ನನ್ನ ತಮ್ಮನನ್ನು ಹುರಿದು ಮುಕ್ಕುವವರಿದ್ದರು. ಅವನು ನನ್ನ ತಮ್ಮ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಮ್ಮ ಲಿಫ್ಟ್ ರಿಪೇರಿಯವನು. ಹಿಂದಿನ ದಿನ ಅಂಗಡಿಗಳಿದ್ದ ಒಂದು ಕಟ್ಟಡದ ಲಿಫ್ಟ್ ಕುಸಿದು ಜನರ ಕೈಕಾಲು ಮುರಿದಿತ್ತು. ಕೇಬಲ್ ಸವೆದಿದೆ, ಯಾರೂ ಹತ್ತಬೇಡಿ ಎಂದು ಬೋರ್ಡ್ ನೇತುಹಾಕಿ ಅವನು ಹೊಸ ಕೇಬಲ್ ತರಲು ಹೋಗಿದ್ದ. ವ್ಯಾಪಾರ ಕೆಡುತ್ತದೆಂದು ಕಟ್ಟಡದ ಮಾಲೀಕ ಬೋರ್ಡ್ ಕಿತ್ತು ಲಿಫ್ಟ್ ಓಡಿಸಿದ್ದ. ಸುದ್ದಿಯಲ್ಲಿ ಬಂದದ್ದು ಮಾತ್ರ ತಮ್ಮನ ಫೋಟೊ. ಅವನ ಮನೆಗೆ ಕಲ್ಲು ಬಿದ್ದವು. ಹಿಂಬದಿಯ ಕಿಟಕಿಯಿಂದ ಹಾರಿ ಓಡುವಾಗ ಗಾಜಿಗೆ ಅಂಗೈ ಸೀಳಿತು. ನಾನೇ ಪಟ್ಟಿ ಕಟ್ಟಿ, ಅವನ ಫೋನ್ ಆಫ್ ಮಾಡಿಸಿ, ನನ್ನ ಮನೆಯಲ್ಲಿ ಮಲಗಿಸಿದ್ದೆ. ಇರುವುದೊಂದೇ ಬಾಗಿಲು, ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಖಾಲಿ ಮನೆ ಅನ್ನಿಸಲಿ ಎಂದು ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಬಂದಿದ್ದೆ.

"ನಾನೇ ಆ ಲಿಫ್ಟಲ್ಲಿ ಎಷ್ಟು ಸಲ ಹೋಗಿದೀನಿ ಗೊತ್ತಾ?" ಎಂದರು ಮಂತ್ರಿಗಳು. ಕಟ್ಟಡದ ಮಾಲೀಕ ಅವರ ಭಾವಮೈದುನ. "ಒಂದಿನಾನೂ ಬೀಳ್ಲಿಲ್ಲ. ಅಂದ್ಮೇಲೆ ಲಿಫ್ಟ್ ಚೆನ್ನಾಗೇ ಇತ್ತು. ಇವನು ಮುಟ್ಟಿದ, ಬಿತ್ತು. ಇನ್ನೇನು ಬೇಕು?"

"ಸೂಪರ್ ಸಾರ್! ಶುರುವಿಗೇ ಇದನ್ನ ಹೇಳಿಬಿಡಿ," ಎಂದ ಗುಡುಗಪ್ಪ.

ನನಗೆ ಮೈಯೆಲ್ಲ ಉರಿಯಿತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ತಲೆಬುಡವಿಲ್ಲದ ಮಾತು ಕೇಳಿದರೆ ಬಾಯಿ ಸುಮ್ಮನಿರುವುದೇ ಇಲ್ಲ.

"ಚೆನ್ನಾಗಿದ್ರೆ ರಿಪೇರಿಯವನನ್ನ ಯಾಕೆ ಸಾರ್ ಕರೆಸಿದ್ರು?" ಎಂದೆ.

ಮಂತ್ರಿಗಳು ನಕ್ಕರು. "ನಿಮ್ಮ ಮೇಕಪ್ಪಮ್ಮ ಲಾಯರ್ ಆಗ್ಬೇಕಿತ್ತು ಕಣ್ರೀ."

"ಅದೆಲ್ಲ ಬಿಡಿ ಅಕ್ಕಾ," ಎಂದ ಗುಡುಗಪ್ಪ, ಹುಬ್ಬು ತೀಡಿಕೊಳ್ಳುತ್ತ. "ತಪ್ಪು ಮಾಡಿಲ್ಲ ಅಂದ್ರೆ ಯಾಕೆ ಓಡಿಹೋದ? ಹೇಳಿ ನೋಡೋಣ."

"ಮನೆ ಮೇಲೆ ಕಲ್ಲು ಬೀಳ್ತಿದ್ರೆ ನೀವು ಟೀ ಕುಡೀತಾ ಕೂತಿರ್ತಿದ್ರಾ? ಕೈ ಸೀಳಿಹೋಗಿ, ತುತ್ತು ಎತ್ತೋಕೂ ಆಗ್ದೆ ನರಳ್ತಿದಾನೆ ಅವನು. ಮೊದಲು ಅದನ್ನ ಹೇಳಿ ನಿಮ್ಮ ಟಿವೀಲಿ!"

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡೆ. ಗುಡುಗಪ್ಪ ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದ.

"ಕೈ ಸೀಳಿರೋದು ಯಾವ ಸುದ್ದೀಲೂ ಬಂದಿಲ್ಲವಲ್ಲ ಅಕ್ಕಾ," ಎಂದ ಮೆಲ್ಲಗೆ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಅವನು ತುತ್ತು ಎತ್ತೋಕೆ ಒದ್ದಾಡಿದ್ದನ್ನ ನೀವು ಕಣ್ಣಾರೆ ನೋಡಿದೀರಿ. ಅಂದ್ರೆ ಅವನಿರೋದು ನಿಮ್ಮನೇಲಿ."

ಕ್ಯಾಮೆರಾ ಮುಂದೆ ಒಂದು ದಿನವೂ ನೆಟ್ಟಗೆ ಯೋಚಿಸದ ಮನುಷ್ಯ ಆಗ ಮಾತ್ರ, ನನ್ನ ಗ್ರಹಚಾರಕ್ಕೆ, ಎಲ್ಲೂ ತಪ್ಪಲಿಲ್ಲ.

"ದಮ್ಮಯ್ಯ, ಅವನು ನನ್ನ ತಮ್ಮ. ಜನ ಕೊಂದೇಬಿಡ್ತಾರೆ," ಎಂದು ಕೈ ಮುಗಿದೆ.

"ಏನೂ ಆಗಲ್ಲ ಅಕ್ಕಾ. ಅವನಿಗೂ ಮಾತಾಡೋಕೆ ಅವಕಾಶ ಕೊಡ್ತೀವಲ್ಲ." ಫೋನ್ ಕಿವಿಗಿಟ್ಟುಕೊಂಡು ಎದ್ದ. "ಮೇಕಪ್ ಅಕ್ಕನ ಮನೆ ಅಡ್ರೆಸ್ ತೆಗೀರಿ. ವ್ಯಾನ್ ಕಳಿಸಿ, ಬೇಗ."

ಬ್ಯಾಗ್ ಎತ್ತಿಕೊಂಡು ಬಿದ್ದಂಬೀಳ ಓಡಿದೆ. ಸಿಕ್ಕಿದ ಬಸ್ಸು ಹತ್ತಿದರೆ ರಸ್ತೆಯುದ್ದಕ್ಕೂ ವಾಹನಗಳು ನಿಂತಿದ್ದವು. ತಮ್ಮನಿಗೆ ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಅಷ್ಟರಲ್ಲಿ ಪಕ್ಕದ ಸೀಟಿನವನ ಮೊಬೈಲಿನಲ್ಲಿ ಗುಡುಗಪ್ಪನ ದನಿ ಕೇಳಿತು. ಬಗ್ಗಿ ನೋಡಿದೆ. ಪರದೆಯ ತುಂಬ ನನ್ನ ಮನೆಯ ಬಾಗಿಲು. ಅದರ ಮುಂದೆ ಜನ. ಒಬ್ಬನ ಕೈಯಲ್ಲಿ ಪೆಟ್ರೋಲ್ ಡಬ್ಬಿ ಇತ್ತು.

"ತಪ್ಪು ಮಾಡಿಲ್ಲ ಅಂದ್ರೆ ಬಾಗಿಲು ಯಾಕೆ ತೆಗೀತಿಲ್ಲ? ನೀವೇ ಹೇಳಿ ವೀಕ್ಷಕರೇ!"

ಚಿಲಕಕ್ಕೆ ನಾನು ಹಾಕಿದ ಬೀಗ ಪರದೆಯ ನಟ್ಟನಡುವೆ ನೇತಾಡುತ್ತಿತ್ತು.

"ಹೌದಲ್ವಾ ಅಕ್ಕಾ, ಯಾಕೆ ತೆಗೀತಿಲ್ಲ?" ಎಂದ ಪಕ್ಕದವನು, ನನ್ನ ಕಡೆ ತಿರುಗಿ.

ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು.